ಪಿಜಿ ಮುಗಿಸಿ ಹೋದ ಡಾಕ್ಟರುಗಳನ್ನು ಕೇಳಿ ತರಬೇತಿ ಸರಿಪಡಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಪಿಜಿ (ಎಂಬಿಬಿಎಸ್ ನಂತರದ ಎಂಡಿ, ಎಂಎಸ್ ಓದು) ಮುಗಿಸಿ ಹೋದವರಿಂದ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ಕೆಲಸ ಬಹಳ ಕಡೆ ಒಂದೇ ರೀತಿ ಕೆಡುತ್ತದೆ. ವಾಟ್ಸಾಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಹೋಗುತ್ತದೆ. ನಾಲ್ಕೈದು ಜನ ತುಂಬುತ್ತಾರೆ. ಎಲ್ಲ ಪ್ರಶ್ನೆಗೂ ಐದಕ್ಕೆ ನಾಲ್ಕು ಅಂಕ. ಆ ಶೀಟ್ ಇನ್‌ಸ್ಪೆಕ್ಷನ್ ಫೈಲಿಗೆ ಸೇರುತ್ತದೆ. ಮುಂದಿನ ಬ್ಯಾಚಿಗೆ ಅದೇ ಪಾಠ, ಅದೇ ಡ್ಯೂಟಿ, ಅದೇ ಕೊರತೆ.

ನಮ್ಮ ಉತ್ತರ ಕನ್ನಡದಲ್ಲಿ ಆ ಕೊರತೆ ಬೇಗ ಬಯಲಾಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಲ್ಲಿ ಕಲಿತವರು ಕುಮಟಾ, ಸಿದ್ದಾಪುರ, ಹೊನ್ನಾವರದ ತಾಲೂಕು ಆಸ್ಪತ್ರೆಗೆ ಬಂದಾಗ ರಾತ್ರಿ ಡ್ಯೂಟಿಯಲ್ಲಿ ತಮ್ಮ ವಿಷಯಕ್ಕೆ ತಾವೊಬ್ಬರೇ. ದೊಡ್ಡ ಆಸ್ಪತ್ರೆಗೆ ಕಳಿಸೋಣ ಅಂದರೆ ಕಾರವಾರದಿಂದ ಹುಬ್ಬಳ್ಳಿ ಸುಮಾರು 165 ಕಿಲೋಮೀಟರ್, ನಡುವೆ ಘಟ್ಟ. ಮಣಿಪಾಲ ಸುಮಾರು 200. ಹೀಗೆ ಒಂಟಿಯಾಗಿ ನಿಂತು ಕೆಲಸ ಮಾಡಿದವರಿಗೆ ತಮ್ಮ ತರಬೇತಿಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದು ಸರಿಯಾಗಿ ಗೊತ್ತಿರುತ್ತದೆ. ಅದನ್ನು ಅವರಿಂದ ಹೊರತೆಗೆದು ತರಬೇತಿಗೆ ವಾಪಸ್ ಸೇರಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿಯ ವಿಷಯ. ವಿಭಾಗದ ಪಿಜಿ ಸಂಯೋಜಕರಿಗೆ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ರೆಸಿಡೆಂಟುಗಳನ್ನು (ಪಿಜಿ ಓದುತ್ತಲೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರುಗಳನ್ನು) ನೋಡಿಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಕೈಯಲ್ಲಿ ಇರಬೇಕಾದವು

ಕಳೆದ ಮೂರು ಬ್ಯಾಚುಗಳ ಹೆಸರು, ಈಗಿನ ಫೋನ್ ನಂಬರ್, ಈಗ ಕೆಲಸ ಮಾಡುವ ಊರು. ನಿಮ್ಮ ವಿಷಯಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೊಟ್ಟಿರುವ ಪಿಜಿ ಪಠ್ಯಕ್ರಮ, ಅದರಲ್ಲೂ ಕಲಿಯಲೇಬೇಕಾದ ಕೌಶಲಗಳ ಪಟ್ಟಿ. ಆ ಬ್ಯಾಚುಗಳ ಲಾಗ್‌ಬುಕ್, ಅಂದರೆ ಯಾವ ಕೆಲಸ ನೋಡಿದರು, ಯಾವುದನ್ನು ಮಾಡಿದರು ಅಂತ ರೆಸಿಡೆಂಟುಗಳು ಬರೆದಿಟ್ಟ ಪುಸ್ತಕ. ಒಂದು ರಿಜಿಸ್ಟರ್. ಬೇರೆ ವಿಭಾಗದ ಒಬ್ಬ ನಂಬಿಕಸ್ಥ ಸಹೋದ್ಯೋಗಿ. ಸಾಫ್ಟ್‌ವೇರ್ ಏನೂ ಬೇಡ. ಕೊನೆಯದಾಗಿ ಹೇಳಿದ ಆ ಸಹೋದ್ಯೋಗಿ ಮಾತ್ರ ಇರಲೇಬೇಕು. ಯಾಕೆ ಅನ್ನುವುದನ್ನು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಕೇಳುವ ಮೊದಲು, ಬದಲಿಸುವವರು ಯಾರು ಅಂತ ಗೊತ್ತುಮಾಡಿ

ಹೆಚ್ಚಿನವರು ಫಾರ್ಮ್ ತಯಾರಿಸುವುದರಿಂದ ಶುರು ಮಾಡುತ್ತಾರೆ. ಅಲ್ಲೇ ಎಡವಟ್ಟಾಗುವುದು. ಮೊದಲು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಜೊತೆ ಕೂತು ಮಾತಾಡಿ: "ಏನೇ ಉತ್ತರ ಬರಲಿ, ಈ ವರ್ಷ ಕನಿಷ್ಠ ಒಂದು ವಿಷಯ ಬದಲಿಸುತ್ತೇವೆ." ಇದು ವಿಭಾಗದ ಸಭೆಯ ನಡಾವಳಿಯಲ್ಲಿ ಬರಹವಾಗಿ ಇರಲಿ. ಈ ಒಪ್ಪಿಗೆ ಸಿಗದಿದ್ದರೆ ಫೀಡ್‌ಬ್ಯಾಕ್ ಕೇಳಲೇಬೇಡಿ. ಕೇಳಿ ಸುಮ್ಮನಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಅದೇ ಸಭೆಯಲ್ಲಿ ಯಾವುದು ನಿಮ್ಮ ಕೈಯಲ್ಲಿದೆ, ಯಾವುದಿಲ್ಲ ಅಂತ ಬರೆದುಕೊಳ್ಳಿ. ಡ್ಯೂಟಿ ಪಟ್ಟಿ, ಪೋಸ್ಟಿಂಗ್‌ಗಳ ಕ್ರಮ, ಸೆಮಿನಾರಿನ ವಿಷಯಗಳು, ಯಾರು ಯಾವ ಕೇಸಿಗೆ ಮೊದಲು ಕೈ ಹಾಕಬೇಕು: ಇವು ವಿಭಾಗದ ಕೈಯಲ್ಲಿವೆ. ಪರೀಕ್ಷೆಯ ಸ್ವರೂಪ, ಹುದ್ದೆ ತುಂಬುವುದು, ತಾಲೂಕು ಆಸ್ಪತ್ರೆಗೆ ಯಂತ್ರ ತರುವುದು ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿಲ್ಲದ ವಿಷಯಗಳ ಬಗ್ಗೆ ಹತ್ತು ಪ್ರಶ್ನೆ ಕೇಳಿ ಆಸೆ ಹುಟ್ಟಿಸಬೇಡಿ.

ಹಂತ 2: ಯಾರನ್ನು, ಯಾವಾಗ ಕೇಳಬೇಕು

ಬೀಳ್ಕೊಡುಗೆಯ ದಿನ ಕೇಳಬೇಡಿ. ಆಗ ಅವರ ತಲೆಯಲ್ಲಿ ಫಲಿತಾಂಶ, ಸರ್ಟಿಫಿಕೇಟ್, ಶಿಫಾರಸು ಪತ್ರ ಇರುತ್ತವೆ. ಸಹಿ ಹಾಕಬೇಕಾದವರ ಮುಂದೆ ಯಾರು ತಾನೇ ದೂರು ಹೇಳುತ್ತಾರೆ? "ಎಲ್ಲ ಅಡ್ಡಿಲ್ಲ ಸರ್" ಅಂದು ಹೋಗುತ್ತಾರೆ.

ಸರಿಯಾದ ಸಮಯ ಪಾಸಾಗಿ ಆರರಿಂದ ಹನ್ನೆರಡು ತಿಂಗಳು. ಅಷ್ಟರಲ್ಲಿ ಕಡ್ಡಾಯ ಸೇವೆಯಲ್ಲೋ, ಸೀನಿಯರ್ ರೆಸಿಡೆಂಟ್ (ಪಿಜಿ ನಂತರ ಕಾಲೇಜು ಆಸ್ಪತ್ರೆಯಲ್ಲಿನ ಹುದ್ದೆ) ಆಗಿಯೋ, ಖಾಸಗಿಯಲ್ಲೋ ಸ್ವಂತ ಜವಾಬ್ದಾರಿ ಹೊತ್ತಿರುತ್ತಾರೆ. ನೆನಪೂ ಹಸಿಯಾಗಿರುತ್ತದೆ. ಅದೇ ವ್ಯಕ್ತಿಯನ್ನು ಮೂರನೇ ವರ್ಷ ಇನ್ನೊಮ್ಮೆ ಕೇಳಿ. ಆಗ ಉತ್ತರ ಬದಲಾಗಿರುತ್ತದೆ. ಮೊದಲ ವರ್ಷ ಕೈಕೆಲಸದ ಕೊರತೆ ಹೇಳಿದವರು, ಆಮೇಲೆ ಆಸ್ಪತ್ರೆ ನಡೆಸುವುದು, ಸಂಬಂಧಿಕರ ಜೊತೆ ಮಾತಾಡುವುದು, ಕೋರ್ಟಿಗೆ ಸಾಕ್ಷಿ ಹೇಳುವುದರ ಬಗ್ಗೆ ಹೇಳಬಹುದು.

ಇನ್ನೊಂದು ತಪ್ಪು: ಕೈಗೆ ಸಿಕ್ಕವರನ್ನು ಮಾತ್ರ ಕೇಳುವುದು. ಅದೇ ಕಾಲೇಜಿನಲ್ಲಿ ಸೀನಿಯರ್ ರೆಸಿಡೆಂಟ್ ಆಗಿ ಉಳಿದವರು ಸುಲಭವಾಗಿ ಸಿಗುತ್ತಾರೆ. ಆದರೆ ಅವರಿಗೆ ಕೊರತೆ ಅರಿವಿಗೆ ಬಂದಿರುವುದಿಲ್ಲ, ಯಾಕೆಂದರೆ ಸುತ್ತ ಅದೇ ಬ್ಲಡ್ ಬ್ಯಾಂಕ್, ಅದೇ ಐಸಿಯು ಇದೆ. ಪಟ್ಟಿಯಲ್ಲಿ ಮೊದಲು ಬರಬೇಕಾದವರು ಯಲ್ಲಾಪುರ, ಜೋಯಿಡಾ, ಮುಂಡಗೋಡದಂಥ ಕಡೆ ಹೋದವರು.

ಪಾಸಾಗುವ ತನಕ ಕಾಯದೆ ಸಿಗುವ ಇನ್ನೊಂದು ಗುಂಪೂ ಇದೆ. ಎಂಡಿ, ಎಂಎಸ್ ಓದುವವರು 3, 4 ಅಥವಾ 5ನೇ ಸೆಮಿಸ್ಟರಿನಲ್ಲಿ 3 ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ, ಹೋಗಲೇಬೇಕು. ಅಲ್ಲಿಂದ ವಾಪಸ್ ಬಂದ ವಾರದಲ್ಲೇ ಅವರ ಜೊತೆ ಅರ್ಧ ಗಂಟೆ ಕೂರಿ. ಇವರು ಇನ್ನೂ ನಿಮ್ಮಲ್ಲೇ ಇದ್ದಾರೆ, ಕೊರತೆ ತುಂಬಲು ಸಮಯವೂ ಇದೆ. ಈ ಅವಕಾಶವನ್ನು ಬಹಳ ಕಡೆ ಹಾಜರಿ ಪತ್ರ ತೆಗೆದುಕೊಳ್ಳುವುದಕ್ಕೇ ಮುಗಿಸುತ್ತಾರೆ. ಬೇಸರದ ಸಂಗತಿ.

ಹಂತ 3: ಪ್ರಶ್ನೆಗಳನ್ನು ಕಟ್ಟುವುದು

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ.

"ತರಬೇತಿ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಬರುತ್ತದೆ. ಅಭಿಪ್ರಾಯ ಬಿಟ್ಟು ನಡೆದದ್ದನ್ನು ಕೇಳಿ:

1. ಒಬ್ಬರೇ ಡ್ಯೂಟಿ ಮಾಡಿದ ಮೊದಲ ತಿಂಗಳಲ್ಲಿ, ಯಾವ ಕೇಸ್ ಬಂದಾಗ ಯಾರಿಗಾದರೂ ಫೋನ್ ಮಾಡಿದಿರಿ? ಯಾರಿಗೆ? ಏನು ಕೇಳಿದಿರಿ?
2. ಇಲ್ಲೇ ನೋಡಬಹುದಾಗಿದ್ದ ಯಾವ ರೋಗಿಯನ್ನು ಧೈರ್ಯ ಸಾಲದೆ ಬೇರೆ ಕಡೆ ಕಳಿಸಿದಿರಿ?
3. ಬೇಗ ಕಳಿಸಬೇಕಿತ್ತು, ತಡ ಮಾಡಿದೆ ಅಂತ ಯಾವ ಕೇಸಿನಲ್ಲಿ ಅನಿಸಿತು?
4. ಪುಸ್ತಕದಿಂದ ಗೊತ್ತಿದ್ದು, ಕೈಯಿಂದ ಮಾಡಿ ಗೊತ್ತಿಲ್ಲದ ಕೆಲಸ ಯಾವುದು?
5. ನಾವು ಯಾವುದರ ಮೇಲೆ ತುಂಬಾ ಸಮಯ ಕಳೆದೆವು, ಆದರೆ ನಿಮಗೆ ಅದು ಬೇಕಾಗಲಿಲ್ಲ?

ಐದನೆಯದನ್ನು ಬಿಡಬೇಡಿ. ಹೊಸದನ್ನು ಸೇರಿಸಲು ಜಾಗ ಮಾಡಬೇಕಾದರೆ ಹಳೆಯದನ್ನು ತೆಗೆಯಲೇಬೇಕು. ರೆಸಿಡೆಂಟುಗಳ ದಿನ ಈಗಾಗಲೇ ತುಂಬಿ ಹೋಗಿದೆ.

ಇದರ ಜೊತೆಗೆ ಕೌಶಲಗಳ ಒಂದು ಚಿಕ್ಕ ಪಟ್ಟಿ ಕೊಡಿ, ಹತ್ತಕ್ಕಿಂತ ಜಾಸ್ತಿ ಬೇಡ. ಪ್ರತಿ ಕೌಶಲಕ್ಕೆ ಎರಡೇ ಪ್ರಶ್ನೆ: ಇದು ನಿಮಗೆ ಎಷ್ಟು ಸಲ ಬೇಕಾಗುತ್ತದೆ? ಪಾಸಾದ ದಿನ ಇದನ್ನು ಒಬ್ಬರೇ ಮಾಡಲು ತಯಾರಿದ್ದಿರಾ? ಮೇಲಿಂದ ಮೇಲೆ ಬೇಕಾಗುವ, ಆದರೆ ತಯಾರಿ ಇಲ್ಲದ ಕೆಲಸಗಳೇ ನಿಮ್ಮ ಮೊದಲ ಗುರಿ.

ಪಟ್ಟಿ ಊರಿಗೆ ತಕ್ಕ ಹಾಗೆ ಇರಲಿ. ಬೆಂಗಳೂರಿನ ಕಾಲೇಜಿನ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ನಮ್ಮ ಕಡೆಯ ಅರ್ಧ ಕೆಲಸ ಬಿಟ್ಟುಹೋಗುತ್ತದೆ. ಮೂಳೆ ವಿಭಾಗದವರು ಅಡಿಕೆ ಮರದಿಂದ ಬಿದ್ದವರ ಬಗ್ಗೆ ಕೇಳಲೇಬೇಕು. ಶಿರಸಿ, ಸಿದ್ದಾಪುರದ ಕಡೆ ಮದ್ದು ಹೊಡೆಯುವಾಗಲೂ ಕೊನೆ ಕೊಯ್ಯುವಾಗಲೂ ಕೊನೆಗೌಡರು (ಅಡಿಕೆ ಮರ ಹತ್ತುವ ಕೆಲಸದವರು) ಬೀಳುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರನ್ನು ಅಲುಗಾಡಿಸದೆ ಎತ್ತಿ, ಕಟ್ಟಿ, ಘಟ್ಟ ಇಳಿಸಿ ಕಳಿಸುವುದು ಹೇಗೆ ಅನ್ನುವುದು ಆಪರೇಷನ್‌ನಷ್ಟೇ ಮುಖ್ಯ.

ಮೆಡಿಸಿನ್‌ನವರಿಗೆ ಹಾವು ಕಡಿತ. ಗಾಜಿನ ಟ್ಯೂಬಿನಲ್ಲಿ ರಕ್ತ ಇಟ್ಟು 20 ನಿಮಿಷ ಅಲುಗಾಡಿಸದೆ ಬಿಟ್ಟು ಹೆಪ್ಪುಗಟ್ಟಿತೇ ಅಂತ ನೋಡುವ ಪರೀಕ್ಷೆಯನ್ನು ಸ್ವತಃ ಮಾಡಿದ್ದಾರಾ, ಇಲ್ಲ ಲ್ಯಾಬಿಗೆ ಕಳಿಸಿಯೇ ರೂಢಿಯಾ? ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ತೋಟಗಳಲ್ಲಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಕಡಿದರೆ ಅದು ಕೆಲಸ ಮಾಡುವುದಿಲ್ಲ. ಈ ವಿಷಯ ಪಿಜಿಯಲ್ಲಿ ಕಲಿತದ್ದಾ, ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದಾ ಅಂತ ಕೇಳಿ ನೋಡಿ. ಮಂಗನ ಕಾಯಿಲೆ, ಇಲಿಜ್ವರ, ಕೀಟನಾಶಕ ಕುಡಿದವರು, ಇವೂ ಇರಲಿ. ಹೆರಿಗೆ ವಿಭಾಗದಲ್ಲಿ ಹೆರಿಗೆ ನಂತರದ ರಕ್ತಸ್ರಾವ, ಫಿಟ್ಸ್ ಬಂದ ಗರ್ಭಿಣಿ. ಅರಿವಳಿಕೆಯವರಿಗೆ ಸಹಾಯಕ್ಕೆ ಯಾರೂ ಇಲ್ಲದಾಗ ಕಷ್ಟದ ಶ್ವಾಸನಾಳ.

ಫಾರ್ಮ್ ಹತ್ತು ನಿಮಿಷದೊಳಗೆ ಮುಗಿಯಬೇಕು. ಕಳಿಸುವ ಮೊದಲು ಇಬ್ಬರ ಮೇಲೆ ಪ್ರಯೋಗ ಮಾಡಿ. ಅವರು "ಇದರ ಅರ್ಥ ಏನು?" ಅಂತ ಕೇಳಿದ ಪ್ರಶ್ನೆಯನ್ನು ತಿದ್ದಿ, ಇಲ್ಲ ತೆಗೆದುಹಾಕಿ.

ಹಂತ 4: ಫೋನ್ ಮಾಡಿ ಮಾತಾಡುವುದು

ಒಂದು ವಿಭಾಗದಿಂದ ವರ್ಷಕ್ಕೆ ಮೂರೋ ನಾಲ್ಕೋ ಜನ ಪಾಸಾಗುವಾಗ ಸರಾಸರಿ, ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ. ಫಾರ್ಮ್ ಮೊದಲು ಕಳಿಸಿ. ಒಂದು ವಾರ ಬಿಟ್ಟು ಫೋನ್ ಮಾಡಿ. ಗಟ್ಟಿ ಮಾಹಿತಿ ಫೋನಿನಲ್ಲೇ ಸಿಗುತ್ತದೆ.

ಫೋನ್ ಮಾಡುವವರು ಅವರ ಗೈಡ್ (ಪಿಜಿಯಲ್ಲಿ ಮಾರ್ಗದರ್ಶಕರಾಗಿದ್ದವರು) ಆಗಿರಬಾರದು, ಎಚ್‌ಒಡಿಯೂ ಅಲ್ಲ. ಮೂರೇ ಜನರ ಬ್ಯಾಚಿನಲ್ಲಿ ಹೆಸರು ಮುಚ್ಚಿಟ್ಟರೂ ಯಾರು ಹೇಳಿದ್ದು ಅಂತ ತಿಳಿದುಬಿಡುತ್ತದೆ. ಅದಕ್ಕೇ ಬೇರೆ ವಿಭಾಗದ ಸಹೋದ್ಯೋಗಿ ಬೇಕು ಅಂದದ್ದು. ಅವರು ಬರೆದುಕೊಂಡದ್ದು ಅವರ ಹತ್ತಿರವೇ ಇರಲಿ. ವಿಭಾಗಕ್ಕೆ ಬರುವುದು ಮೂರು ಬ್ಯಾಚಿನ ಉತ್ತರ ಒಟ್ಟು ಸೇರಿಸಿದ ಸಾರಾಂಶ ಮಾತ್ರ. ಊರು, ತಿಂಗಳು, ಗುರುತು ಸಿಗುವ ಕೇಸಿನ ವಿವರ ಅದರಲ್ಲಿ ಬೇಡ. ರೋಗಿಯ ಹೆಸರಂತೂ ಎಲ್ಲೂ ಬರಬಾರದು.

ಸಮಯ ಮೊದಲೇ ಕೇಳಿಕೊಳ್ಳಿ. ಒಪಿಡಿ ಮುಗಿದು ಊಟವಾದ ಮೇಲೆ ಒಳ್ಳೆಯದು. ರಾತ್ರಿ ಡ್ಯೂಟಿಯ ಮಾರನೇ ದಿನ ಬೇಡ. ಕಾಡಿನ ಕಡೆ ಸಿಗ್ನಲ್ ತೊಂದರೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಲಿ. ಶುರುವಿನಲ್ಲೇ ಮೂರು ವಿಷಯ ಹೇಳಿ: ಯಾಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ, ಉತ್ತರಿಸದಿದ್ದರೂ ಅವರ ಯಾವ ಕಾಗದಪತ್ರಕ್ಕೂ ತೊಂದರೆ ಇಲ್ಲ. ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಬೇಕೇ ಬೇಕು. ಮುಂದೆ ಇದನ್ನು ಪ್ರಬಂಧವಾಗಿ ಪ್ರಕಟಿಸುವ ಯೋಚನೆ ಇದ್ದರೆ ಕೆಲಸ ಶುರುವಾಗುವ ಮೊದಲೇ ಎಥಿಕ್ಸ್ ಕಮಿಟಿಯ ಅನುಮತಿ ತೆಗೆದುಕೊಳ್ಳಿ.

ಮೊದಲ ಉತ್ತರಕ್ಕೆ ನಿಲ್ಲಬೇಡಿ. ಹೆರಿಗೆ ವಿಭಾಗದಿಂದ ಪಾಸಾಗಿ ತಾಲೂಕು ಆಸ್ಪತ್ರೆಗೆ ಹೋದ ಒಬ್ಬರ ಜೊತೆ ಮಾತು ಹೀಗೆ ಸಾಗಬಹುದು:

"ರಕ್ತಸ್ರಾವದ ಕೇಸ್ ಅಂದ್ರಲ್ಲ ಡಾಕ್ಟರೇ, ಅಲ್ಲಿ ಕಷ್ಟ ಆದದ್ದು ಏನು?"

"ಬ್ಲೀಡಿಂಗ್ ನಿಲ್ಲಿಸೋಕೆ ಏನು ಮಾಡ್ಬೇಕು ಅಂತ ಗೊತ್ತಿತ್ತು ಸರ್. ಬಲೂನ್ ನಾನೇ ಹಾಕಿದೆ."

"ಮತ್ತೆ?"

"ರಕ್ತ ತರಿಸ್ಬೇಕಿತ್ತು. ಪಿಜಿಯಲ್ಲಿ ಇದ್ದಾಗ ಜೂನಿಯರ್ ಓಡಿ ಹೋಗಿ ತರ್ತಿದ್ರು. ಇಲ್ಲಿ ಯಾರಿಗೆ ಫೋನ್ ಮಾಡೋದು, ಬರೋಕೆ ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಕಳಿಸೋದಾ ಇಟ್ಕೊಳ್ಳೋದಾ, ಇದನ್ನ ನಾನು ಯಾವತ್ತೂ ಒಬ್ಬಳೇ ತೀರ್ಮಾನ ಮಾಡಿರ್ಲಿಲ್ಲ."

ಮೊದಲ ಉತ್ತರಕ್ಕೇ ನಿಂತಿದ್ದರೆ ರಿಜಿಸ್ಟರಿನಲ್ಲಿ "ರಕ್ತಸ್ರಾವದ ಬಗ್ಗೆ ಇನ್ನೊಂದು ಸೆಮಿನಾರ್ ಬೇಕು" ಅಂತ ಬರೆದು ಮುಗಿಸುತ್ತಿದ್ದಿರಿ. ಇಲ್ಲಿ ಬೇಕಾದದ್ದು ಸೆಮಿನಾರ್ ಅಲ್ಲ, ಪೂರ್ತಿ ಕೇಸನ್ನು ತಾನೇ ನಡೆಸುವ ಅಭ್ಯಾಸ. ಕೌಶಲದ ಕೊರತೆ ಅಂತ ಬರುವ ಎಷ್ಟೋ ಮಾತು ಕೆದಕಿದಾಗ ತೀರ್ಮಾನದ ಕೊರತೆ ಅಂತ ತಿಳಿಯುತ್ತದೆ. "ಮತ್ತೆ?" ಅಂತ ಇನ್ನೊಮ್ಮೆ ಕೇಳುವ ತಾಳ್ಮೆ ಇರಲಿ.

ಮಾತಿನ ನಡುವೆ ಕಿರುಕುಳ, ರ‍್ಯಾಗಿಂಗ್, ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಅದನ್ನು ತರಬೇತಿಯ ಫೈಲಿಗೆ ಸೇರಿಸಬೇಡಿ. ಹೇಳಿದವರ ಒಪ್ಪಿಗೆ ಕೇಳಿ, ರ‍್ಯಾಗಿಂಗ್ ವಿರೋಧಿ ಸಮಿತಿಗೋ ಆಂತರಿಕ ದೂರು ಸಮಿತಿಗೋ ದಾರಿ ತೋರಿಸಿ. ಮಾತಾಡುವವರು ತೀರಾ ಕುಗ್ಗಿಹೋಗಿದ್ದಾರೆ ಅನಿಸಿದರೆ ಪ್ರಶ್ನೆಗಳನ್ನು ಅಲ್ಲಿಗೇ ಬಿಡಿ, ಅವರ ಮಾತು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಎಲ್ಲ ಹೊತ್ತಿನಲ್ಲೂ ಸಿಗುತ್ತದೆ. ಮಾರನೇ ದಿನ ನೀವೇ ಒಮ್ಮೆ ಫೋನ್ ಮಾಡಿ.

ಹಂತ 5: ಬಂದ ಉತ್ತರಗಳನ್ನು ವಿಂಗಡಿಸಿ

ಮೊದಲ ಪ್ರಶ್ನೆ: ಇದು ತರಬೇತಿಯ ಕೊರತೆಯಾ, ಈಗ ಇರುವ ಜಾಗದ ಕೊರತೆಯಾ? ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ ಮಾಡಲಾಗಲಿಲ್ಲ ಅಂದರೆ ಅದು ಜಾಗದ ಕೊರತೆ. ತಜ್ಞರಿಲ್ಲ ಅಂತ ಗೊತ್ತಿದ್ದೂ ಯಾವ ಹಂತದಲ್ಲಿ ಕಳಿಸಬೇಕು ಅಂತ ತಿಳಿಯಲಿಲ್ಲ ಅಂದರೆ ತರಬೇತಿಯದ್ದು. ಮೊದಲನೆಯದನ್ನು ಜಿಲ್ಲಾ ಆರೋಗ್ಯ ಇಲಾಖೆಗೆ ಪತ್ರವಾಗಿ ಕಳಿಸಿ, ಎರಡನೆಯದನ್ನು ನೀವು ಇಟ್ಟುಕೊಳ್ಳಿ.

ಎರಡನೆಯದು: ಲಾಗ್‌ಬುಕ್ ಏನು ಹೇಳುತ್ತದೆ? ಒಬ್ಬರು "ನವಜಾತ ಶಿಶುವಿಗೆ ಉಸಿರಾಟದ ಟ್ಯೂಬ್ ಹಾಕಲು ಬರಲಿಲ್ಲ" ಅಂದರೆ ಲಾಗ್‌ಬುಕ್ ತೆರೆದು ನೋಡಿ. ನೋಡಿದ್ದು ಎಷ್ಟು, ಸಹಾಯ ಮಾಡಿದ್ದು ಎಷ್ಟು, ಸ್ವತಃ ಮಾಡಿದ್ದು ಎಷ್ಟು? ಸಾಮಾನ್ಯವಾಗಿ ಈ ಮೂರರ ನಡುವೆಯೇ ಉತ್ತರ ಇರುತ್ತದೆ. ಆದರೆ ಇಲ್ಲೊಂದು ಎಚ್ಚರ. ಫೋನ್ ಮಾಡಿದ ಸಹೋದ್ಯೋಗಿಯ ಬಳಿ ಇರುವ ಹೆಸರು ವಿಭಾಗಕ್ಕೆ ಸಿಗಬಾರದು ಅಂತ ಮೇಲೆ ಹೇಳಿದೆ. ಹಾಗಾಗಿ ಇಡೀ ಬ್ಯಾಚಿನ ಲಾಗ್‌ಬುಕ್ ನೋಡಿ, ಒಬ್ಬರದ್ದನ್ನು ಮಾತ್ರ ತರಿಸಬೇಡಿ.

ಮೂರನೆಯದು: ಎಷ್ಟು ಜನ ಹೇಳಿದರು? ಹಾಸ್ಟೆಲ್ ಊಟದ ಬಗ್ಗೆ ಒಬ್ಬರು ಹೇಳಿದರೆ ಕಾಯಬಹುದು. ರೋಗಿಯ ಜೀವಕ್ಕೆ ಕುತ್ತಾಗುವ ಕೊರತೆಯನ್ನು ಒಬ್ಬರೇ ಹೇಳಿದರೂ ಸಾಕು, ಅದನ್ನು ಮೇಲೆ ತನ್ನಿ. ಹಳೆಯ ಬ್ಯಾಚಿನವರು ಹೇಳಿದ್ದು ಈಗಾಗಲೇ ಸರಿಯಾಗಿರಬಹುದು, ಅದನ್ನೂ ಈಗಿನ ರೆಸಿಡೆಂಟುಗಳ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಹಂತ 6: ಒಂದೋ ಎರಡೋ ಬದಲಾವಣೆ, ಅದಕ್ಕೊಬ್ಬರು ಹೊಣೆ

ಹತ್ತು ಬದಲಾವಣೆ ಹಿಡಿದರೆ ಒಂದೂ ಆಗುವುದಿಲ್ಲ. ಒಂದನ್ನು ಆರಿಸಿ ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆಯಿರಿ: ಏನು ಬದಲಿಸುತ್ತೇವೆ, ಯಾರು ನೋಡಿಕೊಳ್ಳುತ್ತಾರೆ, ಯಾವ ತಿಂಗಳಿಂದ, ಆಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ. "ವಿಭಾಗ ನೋಡಿಕೊಳ್ಳುತ್ತದೆ" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬರ ಹೆಸರೇ ಇರಲಿ.

ಮೇಲಿನ ರಕ್ತಸ್ರಾವದ ಉದಾಹರಣೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಲೇಬರ್ ರೂಮಿನಲ್ಲಿ ಅಭ್ಯಾಸ ನಡೆಸಿ. ಮೂರನೇ ವರ್ಷದ ರೆಸಿಡೆಂಟ್ ನಾಯಕ. ರಕ್ತಕ್ಕೆ ಫೋನ್ ಮಾಡುವುದು, 108ಕ್ಕೆ ತಿಳಿಸುವುದು, ರೆಫರಲ್ ಚೀಟಿ ಬರೆಯುವುದು, ಮನೆಯವರಿಗೆ ಹೇಳುವುದು ಎಲ್ಲ ಅವರದ್ದೇ. ಕನ್ಸಲ್ಟೆಂಟ್ (ಹಿರಿಯ ತಜ್ಞ ಡಾಕ್ಟರ್) ಪಕ್ಕದಲ್ಲಿ ನಿಂತು ನೋಡುತ್ತಾರೆ, ಮುಗಿದ ಮೇಲೆ ಮಾತಾಡುತ್ತಾರೆ. ನಿಜವಾದ ಕೇಸಿನಲ್ಲಿ ಮಾತ್ರ ರೋಗಿಗೆ ಅಪಾಯ ಅನಿಸಿದ ಕ್ಷಣ ಕನ್ಸಲ್ಟೆಂಟ್ ಕೈ ಹಾಕಲೇಬೇಕು. ಕಲಿಸುವ ನೆಪದಲ್ಲಿ ರೋಗಿಯನ್ನು ಕಾಯಿಸುವುದು ಎಂದೂ ಸಲ್ಲ.

ಪಾಠದ ಸಮಯವನ್ನೂ ಕಾಯಿಲೆಯ ಕಾಲಕ್ಕೆ ಹೊಂದಿಸಿ. ಹಾವು ಕಡಿತ, ಇಲಿಜ್ವರ ಮಳೆ ಹಿಡಿಯುವ ಮೊದಲು. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಣುತ್ತದೆ, ಅದರ ತರಗತಿ ನವೆಂಬರಿನಲ್ಲಿ. ಮರದಿಂದ ಬಿದ್ದವರನ್ನು ಎತ್ತುವ ಅಭ್ಯಾಸ ಕೊನೆ ಕೊಯ್ಲು ಶುರುವಾಗುವ ಮೊದಲು. ಇದಕ್ಕೆ ಹಣ ಬೇಡ, ಸೆಮಿನಾರ್ ಪಟ್ಟಿಯ ಸಾಲು ಅದಲು ಬದಲು ಮಾಡಿದರೆ ಸಾಕು.

ಹಂತ 7: ಹೇಳಿದವರಿಗೆ ವಾಪಸ್ ತಿಳಿಸಿ

ಒಂದು ಪುಟ ಸಾಕು. ನೀವು ಹೇಳಿದ್ದು ಇದು, ನಾವು ಬದಲಿಸಿದ್ದು ಇದು, ಇದನ್ನು ಬದಲಿಸಲಾಗಲಿಲ್ಲ, ಕಾರಣ ಇದು. ಮೂರು ತಿಂಗಳೊಳಗೆ ಎಲ್ಲರಿಗೂ ಕಳಿಸಿ, ಉತ್ತರ ಕೊಡದವರಿಗೂ ಕಳಿಸಿ. ಮುಂದಿನ ವರ್ಷ ಅವರೂ ಫೋನ್ ಎತ್ತುತ್ತಾರೆ. ಈಗಿನ ರೆಸಿಡೆಂಟುಗಳಿಗೂ ಓದಿ ಹೇಳಿ.

ಕೆಡುತ್ತಿದೆ ಅನ್ನುವುದಕ್ಕೆ ಲಕ್ಷಣಗಳು

"ಇದನ್ನು ಹೇಳಿದ್ದು ಯಾರು?" ಅಂತ ಸಭೆಯಲ್ಲಿ ಯಾರಾದರೂ ಕೇಳಿದರೆ ಚರ್ಚೆ ಅಲ್ಲೇ ನಿಲ್ಲಿಸಿ. ಇದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಒಮ್ಮೆ ಹೆಸರು ಹೊರಬಿದ್ದರೆ ಆ ಸುದ್ದಿ ಎಲ್ಲ ಬ್ಯಾಚಿಗೂ ಮುಟ್ಟುತ್ತದೆ.

ಎಲ್ಲ ಉತ್ತರವೂ ನಾಲ್ಕು, ಐದು ಅಂಕದಲ್ಲೇ ಇದ್ದರೆ ಖುಷಿಪಡಬೇಡಿ. ಪ್ರಶ್ನೆ ಸರಿಯಿಲ್ಲ, ಇಲ್ಲ ಭಯ ಇದೆ. ವರ್ಷ ವರ್ಷ ಅದೇ ನಾಲ್ಕು ಜನ ಉತ್ತರಿಸುತ್ತಿದ್ದರೆ ಪಟ್ಟಿ ಹಳತಾಗಿದೆ. ಒಬ್ಬ ಶಿಕ್ಷಕರ ಹೆಸರೇ ಮತ್ತೆ ಮತ್ತೆ ಬಂದರೆ ಅದನ್ನು ಸಾರಾಂಶದಲ್ಲಿ ಹಾಕಬೇಡಿ, ಎಚ್‌ಒಡಿ ಅವರೊಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡಲಿ. ಇನ್‌ಸ್ಪೆಕ್ಷನ್ ಹತ್ತಿರ ಬಂದಾಗ ಮಾತ್ರ ಈ ರಿಜಿಸ್ಟರ್ ಹೊರಬರುತ್ತಿದ್ದರೆ ಒಂದನೇ ಹಂತಕ್ಕೆ ವಾಪಸ್ ಹೋಗಿ.

ಹಂತ 8: ಎರಡನೇ ವರ್ಷ

ಬದಲಾವಣೆಯ ಫಲ ಪಾಸಾದವರಲ್ಲಿ ಕಾಣಲು ಒಂದೆರಡು ವರ್ಷ ಬೇಕು. ಅಲ್ಲಿಯ ತನಕ ಜಿಲ್ಲಾ ರೆಸಿಡೆನ್ಸಿ ಮುಗಿಸಿ ಬಂದವರನ್ನು ಅದೇ ಪ್ರಶ್ನೆ ಕೇಳುತ್ತಾ ಹೋಗಿ. ಅವರನ್ನು ಅಲ್ಲಿ ನೋಡಿಕೊಂಡ ಹಿರಿಯ ಡಾಕ್ಟರಿಗೂ ಒಂದು ಫೋನ್ ಮಾಡಿ: "ನಮ್ಮ ಹುಡುಗರು ಯಾವುದಕ್ಕೆ ಹಿಂಜರಿದರು?" ನರ್ಸಿಂಗ್ ಅಧಿಕಾರಿಗಳನ್ನೂ ಕೇಳಿ. ರಾತ್ರಿ ಡ್ಯೂಟಿಯಲ್ಲಿ ಯಾರ ಕೈ ನಡುಗಿತು, ಯಾರು ಸಮಾಧಾನವಾಗಿ ನಿಂತರು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಮುಖ್ಯ ಐದು ಪ್ರಶ್ನೆಗಳನ್ನು ಬದಲಿಸಬೇಡಿ, ಬದಲಿಸಿದರೆ ಹೋದ ವರ್ಷದ ಜೊತೆ ಹೋಲಿಸಲು ಆಗುವುದಿಲ್ಲ. ಕೌಶಲಗಳ ಪಟ್ಟಿಯಲ್ಲಿ ಸರಿಯಾಗಿದೆ ಅಂತ ಎರಡು ಬ್ಯಾಚು ಹೇಳಿದ್ದನ್ನು ತೆಗೆದು, ಫೋನಿನಲ್ಲಿ ಹೊಸದಾಗಿ ಕೇಳಿಬಂದದ್ದನ್ನು ಆ ಜಾಗಕ್ಕೆ ಹಾಕಿ. ಫೋನ್ ನಂಬರುಗಳ ಪಟ್ಟಿಯನ್ನು ಪ್ರತಿ ಜನವರಿಯಲ್ಲಿ ಒಮ್ಮೆ ಸರಿಮಾಡಿ. ಡಾಕ್ಟರುಗಳು ಊರು ಬದಲಿಸುತ್ತಲೇ ಇರುತ್ತಾರೆ.